ಆಗ್ನೇಯ ಮೂಲೆಗೆ ಸಿಲಿಂಡರ್ ತಾನಾಗೇ ನಡೆದು ಹೋಗಲ್ಲ

ನಮ್ಮ ಮನೆ ಕಟ್ಟುವಾಗ ವಾಸ್ತು ನೋಡುವವರು ಬಂದು ಅಡುಗೆಮನೆ ಆಗ್ನೇಯಕ್ಕೇ ಬರಬೇಕು ಅಂದರು. ಬಂತು. ಮುಂಬಾಗಿಲು ಉತ್ತರಕ್ಕೆ ಅಂದರು, ಅದೂ ಬಂತು. ಎರಡರ ಮಧ್ಯೆ ಹಾಲ್, ಊಟದ ಜಾಗ, ಒಂದು ತಿರುವು, ಎಲ್ಲ ಸೇರಿ 35 ಅಡಿ. ಆ 35 ಅಡಿ ಗ್ಯಾಸ್ ಸಿಲಿಂಡರ್ ಹೇಗೆ ಹೋಗುತ್ತೆ ಅಂತ ವಾಸ್ತುವಿನವರು ಕೇಳಲಿಲ್ಲ, ನಕ್ಷೆ ಬರೆದ ಇಂಜಿನಿಯರ್ ಕೇಳಲಿಲ್ಲ, ದುಡ್ಡು ಸುರಿದ ನಾನೂ ಕೇಳಲಿಲ್ಲ. ಕೇಳಬಹುದಾಗಿದ್ದವರು ಅಮ್ಮ. ಅವರ ಅಭಿಪ್ರಾಯ ಯಾರಿಗೆ ಬೇಕಿತ್ತು?

ಸಿಲಿಂಡರ್‌ನೊಳಗಿನ ಗ್ಯಾಸ್ 14.2 ಕಿಲೋ. ಖಾಲಿ ಕಬ್ಬಿಣದ ತೂಕ ಸಿಲಿಂಡರಿನ ಕತ್ತಿನ ಹತ್ತಿರವೇ ಬರೆದಿರುತ್ತೆ ನೋಡಿ, 15-16 ಕಿಲೋ ಆಸುಪಾಸು. ಒಟ್ಟು 30 ಕಿಲೋ. ಕುಡಿಯುವ ನೀರಿನ ಕ್ಯಾನು 20 ಕಿಲೋ. ಅಕ್ಕಿ ಮೂಟೆ 25. ಇವೆಲ್ಲ ಪ್ರತಿ ತಿಂಗಳೂ ಮನೆಯೊಳಗೆ ಬಂದು ಯಾವುದೋ ಮೂಲೆ ಸೇರಲೇಬೇಕು. ತಂದುಕೊಡುವ ಹುಡುಗ ಬಾಗಿಲ ಹತ್ತಿರ ಇಟ್ಟು, ಸಹಿ ಹಾಕಿಸಿಕೊಂಡು ಹೊರಟುಬಿಡ್ತಾನೆ. ಅವನಿಗೆ ಇನ್ನೂ ನಲವತ್ತು ಮನೆ ಇದೆ, ತಪ್ಪೇನಿಲ್ಲ. ಅಲ್ಲಿಂದ ಮುಂದಕ್ಕೆ? ಲಕ್ಷಗಟ್ಟಲೆ ಕೊಟ್ಟು ಮಾಡಿಸಿದ ಅಡುಗೆಮನೆಯಲ್ಲಿ ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರ್ ಇದೆ, ಚಮಚಕ್ಕೆ ಪ್ರತ್ಯೇಕ ಖಾನೆ ಇದೆ. 30 ಕಿಲೋ ಭಾರಕ್ಕೆ ಮಾತ್ರ ಇವತ್ತಿಗೂ ಹೆಂಗಸರ ಸೊಂಟವೇ ಗತಿ.

ಮಾರ್ಚಿನಲ್ಲಿ ಒಂದು ದಿನ ಆಫೀಸಿನಿಂದ ಬಂದು ನೋಡಿದರೆ ಹಾಲಿನಿಂದ ಅಡುಗೆಮನೆಗೆ ಟೈಲ್ಸ್ ಮೇಲೆ ಬಿಲ್ಲಿನ ಹಾಗೆ ಬಾಗಿದ ಗೀರು. ಎಪ್ಪತ್ತೊಂದು ವರ್ಷದ ಅಮ್ಮ ಸಿಲಿಂಡರನ್ನು ಓರೆ ಮಾಡಿ, ಕೆಳಗಿನ ಬಳೆಯ ಮೇಲೆ ಉರುಳಿಸಿಕೊಂಡು ಹೋಗಿದ್ದರು. "ನಿನ್ನ ನೆಲಕ್ಕೆ ಗೀರು ಬಿತ್ತು ಕಣೋ" ಅಂತ ಅಪರಾಧಿಯ ಹಾಗೆ ಹೇಳಿದರು. ನೆಲ ನನ್ನದಂತೆ! ಆ ವಾರವೇ ಗಾಡಿ ಮಾಡಬೇಕು ಅಂತ ಕೂತೆ.

ಪಾತ್ರೆ ಅಂಗಡಿಯಲ್ಲಿ ಸಿಗುವ ಕಬ್ಬಿಣದ ಟ್ರಾಲಿ ಈ ಮುಂಚೆ ಎರಡು ತಂದಿದ್ದೆ. ನೆಲ ಒರೆಸುವ ನೀರಿಗೆ ತುಕ್ಕು ಹಿಡಿದು, ಪ್ಲಾಸ್ಟಿಕ್ ಚಕ್ರ ಒಡೆದು, ಎರಡೂ ಗುಜರಿ ಸೇರಿದವು. ಈ ಸಲ ಮರದ್ದೇ ಆಗಲಿ ಅಂದುಕೊಂಡೆ. ಕೈಗಾರಿಕಾ ಪ್ರದೇಶದ ಹತ್ತಿರ ಯಂತ್ರಗಳ ಜೊತೆ ಬರುವ ಪ್ಯಾಕಿಂಗ್ ಮರ ಮಾರ್ತಾರೆ, ಹೆಚ್ಚಿನದೆಲ್ಲ ಪೈನ್, ಅಗ್ಗ. ತರುವವರು ಅದರ ಮೇಲಿನ ಮುದ್ರೆ ನೋಡಿ ತನ್ನಿ. ಎಚ್‌ಟಿ ಅಂತಿದ್ದರೆ ಹುಳ ಸಾಯಲಿ ಅಂತ ಮರವನ್ನು ತಿರುಳಿನವರೆಗೂ 56 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿದ್ದಾರೆ ಅಂತ ಅರ್ಥ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಹೊಗೆ ಹಾಕಿದ ಮರ. ಅದನ್ನು ಅಡುಗೆಮನೆಗೆ ತರಬೇಡಿ, ಒಲೆಗಂತೂ ಹಾಕಲೇಬೇಡಿ.

ಮೊದಲ ಗಾಡಿ ನೋಡೋಕೆ ಚೆನ್ನಾಗಿತ್ತು. ನಿಜವಾಗಲೂ ಚೆನ್ನಾಗಿತ್ತು. ಎರಡಿಂಚಿನ ರೀಪಿನ ಚೌಕಟ್ಟು, ಮೇಲೆ ಮುಕ್ಕಾಲು ಇಂಚಿನ ಹಲಗೆ, ಕೆಳಗೆ ಎರಡಿಂಚಿನ ನಾಲ್ಕು ನೈಲಾನ್ ಚಕ್ರ, ತಳ್ಳೋಕೆ ಹಿಡಿ, ಮೂರು ಕೋಟು ವಾರ್ನಿಷ್. ಫೋಟೋ ಹಾಕಿದ್ದೆ, ನಿಮ್ಮಲ್ಲಿ ಇನ್ನೂರಕ್ಕೂ ಹೆಚ್ಚು ಜನ ಲೈಕ್ ಒತ್ತಿದ್ದಿರಿ. ಒಂದು ಕೆಲಸಕ್ಕೂ ಬರಲಿಲ್ಲ ಅಂತ ಇವತ್ತು ಒಪ್ಪಿಕೊಳ್ತಿದ್ದೀನಿ.

ಯಾಕೆ ಅಂದರೆ ಹಲಗೆ ನೆಲದಿಂದ ಐದೂವರೆ ಇಂಚು ಮೇಲಿತ್ತು. 30 ಕಿಲೋವನ್ನು ಐದೂವರೆ ಇಂಚು ಎತ್ತಿ ಇಡೋ ತಾಕತ್ತಿದ್ದವರಿಗೆ ಗಾಡಿ ಯಾಕೆ ಬೇಕು? ಎರಡನೇ ತಪ್ಪು ಚಕ್ರದ್ದು. ಹಾಲಿನ ಟೈಲ್ಸ್ ಮುಗಿದು ಅಡುಗೆಮನೆಯ ಗ್ರಾನೈಟ್ ಶುರುವಾಗುವ ಕಡೆ ಒಂದು ಏಣು ಇದೆ, 6 ಮಿಲಿಮೀಟರ್. ಕಾಲಿಗೆ ತಾಕುವುದೂ ಇಲ್ಲ. ಗಾಡಿ ಮಾತ್ರ ಅಲ್ಲಿಗೆ ಬಂದು ಮೊಂಡು ಎತ್ತಿನ ಹಾಗೆ ನಿಂತುಬಿಡೋದು. ಪಿಯುಸಿ ಭೌತಶಾಸ್ತ್ರ ನೆನಪು ಮಾಡಿಕೊಂಡು ಲೆಕ್ಕ ಹಾಕಿದೆ. ಎರಡಿಂಚು ವ್ಯಾಸದ ಚಕ್ರ 6 ಮಿಲಿಮೀಟರ್ ಹತ್ತಬೇಕಾದರೆ, ಅದರ ಮೇಲಿರುವ ಭಾರ ಎಷ್ಟೋ ಅದರ ನೂರಕ್ಕೆ 85ರಷ್ಟು ಬಲ ಹಾಕಿ ಅಡ್ಡಕ್ಕೆ ಎಳೀಬೇಕು. ಹೆಚ್ಚುಕಡಿಮೆ ಎತ್ತಿದ ಹಾಗೇ ಆಯ್ತಲ್ಲ! ಮೂರಿಂಚಿನ ಚಕ್ರವಾದರೆ 64, ನಾಲ್ಕಿಂಚಾದರೆ 53. ಇನ್ನು ಮೆಟ್ಟಿಲು ಚಕ್ರದ ತ್ರಿಜ್ಯಕ್ಕಿಂತ ಎತ್ತರವಾಗಿದ್ದರೆ ಅಡ್ಡಕ್ಕೆ ಎಷ್ಟು ಜಗ್ಗಿದರೂ ಹತ್ತಲ್ಲ.

ಈಗ ಪೇಚಾಟ ನೋಡಿ. ಏಣು ದಾಟೋಕೆ ದೊಡ್ಡ ಚಕ್ರ ಬೇಕು, ದೊಡ್ಡ ಚಕ್ರ ಹಾಕಿದರೆ ಹಲಗೆ ಇನ್ನೂ ಮೇಲಕ್ಕೆ ಹೋಗುತ್ತೆ. ಎರಡು ವಾರ ಇದೇ ತಲೆಯಲ್ಲಿ ಸುತ್ತುತ್ತಿತ್ತು.

ಬಿಡಿಸಿದ್ದು ಬೇರಿಂಗ್ ಗಾಡಿ. ಎಂಬತ್ತರ ದಶಕದಲ್ಲಿ ಸಣ್ಣ ಊರುಗಳಲ್ಲಿ ಬೆಳೆದವರಿಗೆ ವಿವರಿಸಬೇಕಿಲ್ಲ. ಅರಸೀಕೆರೆಯಲ್ಲಿ ನಾವು ಲಾರಿ ಗ್ಯಾರೇಜುಗಳ ಮುಂದೆ ಗಂಟೆಗಟ್ಟಲೆ ನಿಂತು, ಸವೆದ ಬೇರಿಂಗ್ ಬೇಡಿ ತರ್ತಿದ್ದೆವು. ಹಿಂದೆ ಎರಡು, ಮುಂದೆ ತಿರುಗುವ ಅಡ್ಡಕೋಲಿಗೆ ಒಂದು, ಮೇಲೊಂದು ಹಲಗೆ. ಇಳಿಜಾರಿನಲ್ಲಿ ಕೂತು ಬಿಟ್ಟರೆ ಬೀದಿಗೆಲ್ಲ ಕೇಳೋ ಹಾಗೆ ಗರಗರಗರ. ಎಷ್ಟು ಜೋರಾಗಿ ತಿರುಗಿಸಿದರೂ ಮಗುಚುತ್ತಿರಲಿಲ್ಲ, ಯಾಕೆಂದರೆ ನಮ್ಮ ಕುಂಡೆ ನೆಲದಿಂದ ಒಂದು ಗೇಣಿಗಿಂತ ಕೆಳಗೇ ಇರ್ತಿತ್ತು. ಆದರೆ ಗಾಡಿ ಅಂದ ಕೂಡಲೇ ನನ್ನ ತಲೆಗೆ ಬಂದದ್ದು ಎತ್ತಿನ ಗಾಡಿ. ಅಚ್ಚಿನ ಮೇಲೆ ಹಲಗೆ, ಅಷ್ಟೇ. ಎತ್ತಿನ ಗಾಡಿಗೆ ಅದು ಸರಿ, ಕೆಸರು, ಕೊರಕಲು, ಕಲ್ಲು ಎಲ್ಲ ದಾಟಬೇಕು. ನಮ್ಮ ಹಾಲಿನಲ್ಲಿ ಕೆಸರೆಲ್ಲಿದೆ? ಹಲಗೆ ಚಕ್ರದ ಮೇಲೆ ಕೂರಲೇಬೇಕು ಅಂತ ಯಾರು ಹೇಳಿದ್ದು? ತೊಟ್ಟಿಲ ಹಾಗೆ ಚಕ್ರಗಳ ಮಧ್ಯೆ ತೂಗುಹಾಕಬಹುದಲ್ಲ!

ಹಾಗೇ ಮಾಡಿದೆ. ಪ್ಯಾಕಿಂಗ್ ಮರದ ದಪ್ಪ ತೊಲೆ ಎರಡು, ಎರಡೆರಡು ಅಡಿ ಉದ್ದ, ಎಡಕ್ಕೊಂದು ಬಲಕ್ಕೊಂದು. ತೊಲೆಗಳ ತುದಿಗೆ ಮೂರಿಂಚಿನ ರಬ್ಬರ್ ಚಕ್ರ. ತೊಲೆಗಳ ಕೆಳಗೆ ಎರಡಿಂಚಿನ ಮರದ ತುಂಡುಗಳನ್ನು ಕೊಟ್ಟು, ಅವುಗಳ ಅಡಿಗೆ 16 ಇಂಚಿನ ಹಲಗೆ. ಇದು ಪ್ಯಾಕಿಂಗ್ ಮರ ಅಲ್ಲ, ಊರಿನ ಮನೆ ಕೆಡವಿದಾಗ ತಂದಿಟ್ಟಿದ್ದ ಅಟ್ಟದ ಬಾಗಿಲಿನ ಹಲಸಿನ ಹಲಗೆ. ಸಿಲಿಂಡರಿನ ಅಗಲ ಹೆಚ್ಚುಕಡಿಮೆ 32 ಸೆಂಟಿಮೀಟರ್, ಅಂದರೆ ಹನ್ನೆರಡೂವರೆ ಇಂಚು. ಆರಾಮಾಗಿ ಕೂರುತ್ತೆ, ಅಕ್ಕಪಕ್ಕದ ತೊಲೆಗಳೇ ಜಾರದಂತೆ ತಡೀತವೆ. ಹಲಗೆ ಈಗ ನೆಲದಿಂದ ಎರಡೇ ಇಂಚು ಮೇಲೆ. ಸಿಲಿಂಡರನ್ನು ಸ್ವಲ್ಪ ಓರೆ ಮಾಡಿ, ಕಾಲಿನಿಂದ ಗಾಡಿಯನ್ನು ಅಡಿಗೆ ತಳ್ಳಿ, ನೆಟ್ಟಗೆ ಮಾಡಿದರೆ ಆಯ್ತು. ಎತ್ತೋದೇ ಇಲ್ಲ.

ನಾನು ಸ್ಕ್ರೂ ಹೊಡೆಯೋಕೆ ಹೊರಟಾಗ ತಡೆದವರು ನಮ್ಮ ಬೀದಿಯ ಕೊನೆಯ ಆಚಾರ್ರು. "ಮೇಲಿಂದ ಒತ್ತೋ ಭಾರಕ್ಕೆ ಸ್ಕ್ರೂ ಸಾಕು ಸ್ವಾಮಿ. ಇಲ್ಲಿ ಭಾರ ನೇತಾಡ್ತದೆ, ಸ್ಕ್ರೂ ಕಿತ್ಕೊಂಡು ಬರ್ತದೆ. ಆರಪಾರ ತೂತು ಹೊಡೆದು ಬೋಲ್ಟ್ ಹಾಕಿ, ಎರಡೂ ಕಡೆ ವಾಷರ್ ಕೊಡಿ." ಹಳೇ ಗಾಡಿ ನೋಡಿ ಇನ್ನೊಂದು ಮಾತು ಹೇಳಿದರು. ಅದರ ಹಿಡಿ ಹದಿನೈದೇ ದಿನಕ್ಕೆ ಅಲ್ಲಾಡೋಕೆ ಶುರುವಾಗಿತ್ತು. ರೀಪಿನ ತಲೆಗೆ, ಅಂದರೆ ನಾರು ಕೊನೆಯಾಗುವ ಕಡೆಗೆ ಸ್ಕ್ರೂ ಹೊಡೆದಿದ್ದೆ. ಅಲ್ಲಿ ಮರ ಸ್ಕ್ರೂ ಹಿಡಿಯಲ್ಲವಂತೆ, ಪೊರಕೆ ಕಡ್ಡಿಗಳ ಮಧ್ಯೆ ಮೊಳೆ ಸಿಕ್ಕಿಸಿದ ಹಾಗೆ. ನಾರಿಗೆ ಅಡ್ಡವಾಗಿ ಹೋದರೆ ಹಿಡಿಯುತ್ತೆ. ಐವತ್ತು ದಾಟಿದ ಮೇಲೆ ಕಲಿತೆ.

ಚಕ್ರ ಕೊಳ್ಳುವವರಿಗೆ ಒಂದು ಮಾತು. ಭಾರವನ್ನು ನಾಲ್ಕರಿಂದ ಭಾಗಿಸಬೇಡಿ, ಮೂರರಿಂದ ಭಾಗಿಸಿ. ನಮ್ಮ ನೆಲಗಳು ಸಮ ಇರಲ್ಲ, ಯಾವಾಗಲೂ ಒಂದು ಚಕ್ರ ಗಾಳಿಯಲ್ಲೇ ಇರುತ್ತೆ. ನೈಲಾನ್ ಬೇಡ, ನೆಲ ಗೀರುತ್ತೆ, ಸದ್ದು ಬೇರೆ. ನಾಲ್ಕರಲ್ಲಿ ಎರಡಕ್ಕಾದರೂ ಬ್ರೇಕ್ ಇರಲಿ. ನಾನು ಮೊದಲು ಬ್ರೇಕ್ ಇಲ್ಲದ್ದನ್ನೇ ಹಾಕಿದ್ದೆ. ಸಿಲಿಂಡರ್ ಒಲೆಗೆ ಜೋಡಿಸಿಯೇ ಇತ್ತು, ಅಮ್ಮ ಗುಡಿಸೋಕೆ ಅಂತ ಗಾಡಿ ಎಳೆದರು, ಅದು ಎಷ್ಟು ಸಲೀಸಾಗಿ ಬಂತೆಂದರೆ ಗ್ಯಾಸಿನ ಟ್ಯೂಬು ತಂತಿಯ ಹಾಗೆ ಬಿಗಿದುಕೊಂಡಿತು. ಸದ್ಯ, ಕಿತ್ತುಬರಲಿಲ್ಲ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಹರಡಿ ಕೂರುತ್ತೆ. ಅವತ್ತೇ ಸಂಜೆ ಚಕ್ರ ಬದಲಾಯಿಸಿದೆ, ಟ್ಯೂಬನ್ನೂ ಬದಲಾಯಿಸಿದೆ. ಹೇಗೂ ಅದಕ್ಕೆ ಐದು ವರ್ಷ ತುಂಬಿತ್ತು.

ಗೆಲ್ಲೋಕಾಗದೆ ಉಳಿದದ್ದು ಹೊಸ್ತಿಲು. ಮುಂಬಾಗಿಲಿನದು ಎರಡಿಂಚು ಎತ್ತರ, ನನ್ನ ಚಕ್ರದ ತ್ರಿಜ್ಯ ಒಂದೂವರೆ. ಇಳಿಜಾರಾಗಿ ಒಂದು ಮರದ ತುಂಡು ಮಾಡಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ ತುಂಡು ಹೊರಗಡೆ ಪೇಪರ್ ಸ್ಟ್ಯಾಂಡಿನ ಪಕ್ಕ, ಹೊಸ್ತಿಲ ಮೇಲೆ ಎಂದಿನಂತೆ ಅರಿಸಿನ, ಕುಂಕುಮ, ರಂಗೋಲಿಯ ಎರಡೆಳೆ. "ಹೊಸ್ತಿಲ ಮೇಲೆ ಕಾಲೇ ಇಡಬಾರದು, ನೀನು ಗಾಡಿ ಓಡಿಸ್ತೀಯಾ?" ಅಂದರು ಅಮ್ಮ. ವಾದ ಮಾಡಲಿಲ್ಲ. ಸಿಲಿಂಡರ್ ತರುವ ಹುಡುಗನಿಗೇ ಹೊಸ್ತಿಲು ದಾಟಿಸಿ ಗಾಡಿ ಮೇಲೆ ಇಟ್ಟು ಹೋಗು ಅಂತ ಹೇಳಿದ್ದೀವಿ, ಸಂತೋಷವಾಗಿ ಇಡ್ತಾನೆ. ಅವನಿಗೂ ಗಾಡಿ ಇಷ್ಟ ಆಗಿದೆ.

ಈ ಎರಡನೇ ಗಾಡಿ ನೋಡೋಕೆ ಚೆನ್ನಾಗಿಲ್ಲ. ಅರ್ಧ ಪೈನು, ಅರ್ಧ ಹಲಸು, ಬೋಲ್ಟುಗಳ ತಲೆ ಎದ್ದು ಕಾಣ್ತವೆ, ಹಲಗೆಯಲ್ಲಿ ಅಟ್ಟದ ಚಿಲಕದ ತೂತು ಹಾಗೇ ಇದೆ. ಅದಕ್ಕೇ ಫೋಟೋ ಹಾಕ್ತಿಲ್ಲ. ಮೊದಲನೇದು ಬಾಲ್ಕನಿಯಲ್ಲಿ ದಾಸವಾಳದ ಕುಂಡ ಹೊತ್ತು ನಿಂತಿದೆ, ಅದರ ಮುಖಕ್ಕೆ ಆ ಕೆಲಸ ಸರಿ.

ಹೊಸ ತಕರಾರು ಅಂದರೆ ಗಾಡಿ ಈಗ ಸಿಲಿಂಡರಿಗೆ ಸಿಗ್ತಿಲ್ಲ. ಹೋದ ತಿಂಗಳು ದೋಸೆ ಹಿಟ್ಟು ರುಬ್ಬುವಾಗ ಅಮ್ಮ ಗ್ರೈಂಡರನ್ನು ಅದರ ಮೇಲೆ ಕೂರಿಸಿ ನಲ್ಲಿ ಹತ್ತಿರಕ್ಕೆ ತಳ್ಳಿಕೊಂಡು ಹೋದರು, ತೊಳೆದರು, ವಾಪಸ್ ತಳ್ಳಿಕೊಂಡು ಬಂದರು. ಅವತ್ತಿನಿಂದ ಗ್ರೈಂಡರ್ ಇಳಿದೇ ಇಲ್ಲ. ಸಿಲಿಂಡರ್ ಮತ್ತೆ ನೆಲದ ಮೇಲಿದೆ. ಯಾರಾದರೂ ಹಳೇ ಮನೆ ಕೆಡವಿಸ್ತಿದ್ದರೆ, ಮುಕ್ಕಾಲು ಇಂಚಿನ ಹಲಗೆ ಹದಿನಾರು ಇಂಚು ಉದ್ದದ್ದು ಎರಡು ತುಂಡು ಸಿಕ್ಕಿದರೂ ಸಾಕು, ಇನ್‌ಬಾಕ್ಸ್‌ಗೆ ಬನ್ನಿ. ಹಲಸೇ ಆಗಬೇಕಿಲ್ಲ.