ಇಎಫ್ 60 ಬಂದರೆ ಹೃದಯ 40 ಭಾಗ ಕೆಟ್ಟಿದೆ ಅಂತಲ್ಲ

ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ರಿಪೋರ್ಟಿನಲ್ಲಿ ಇಎಫ್, ಅಂದರೆ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೃದಯ ಹೊರಗೆ ತಳ್ಳುವ ಪಾಲು, ಶೇ. 60 ಇದ್ದರೆ ಹೃದಯದ 40 ಭಾಗ ಹಾಳಾಗಿದೆ ಅನ್ನೋ ಮೆಸೇಜ್ ಓಡಾಡುತ್ತಿದೆ. ಸುಳ್ಳು. ಇದು ಪರೀಕ್ಷೆಯ ಮಾರ್ಕ್ಸ್ ಅಲ್ಲ, ನೂರಕ್ಕೆ ನೂರು ಯಾರಿಗೂ ಬರುವುದಿಲ್ಲ. ಹೃದಯದ ಎಡ ಕೆಳಕೋಣೆಯಲ್ಲಿ 120 ಮಿಲಿ ರಕ್ತ ತುಂಬಿ, ಒಂದು ಬಡಿತಕ್ಕೆ ಅದರಲ್ಲಿ 70 ಮಿಲಿ ಹೊರಗೆ ಹೋದರೆ ಇಎಫ್ ಸುಮಾರು 58, ಅದು ಪೂರ್ತಿ ನಾರ್ಮಲ್. ಮಿಕ್ಕಿದ್ದು ಒಳಗೇ ಉಳಿಯಬೇಕು. 40ಕ್ಕಿಂತ ಕಡಿಮೆ ಬಂದರೆ ಪಂಪಿಂಗ್ ಕುಗ್ಗಿದೆ ಅಂತ ಅರ್ಥ.

ಹಾಗಂತ ಈ ಒಂದೇ ನಂಬರ್ ನೋಡಿ ಸುಮ್ನೆ ಇರೋದೂ ಸರಿಯಲ್ಲ. ಸ್ನಾಯು ಬಿಗಿಯಾಗಿದ್ದರೆ, ಕವಾಟ ಜಾಸ್ತಿ ಸೋರುತ್ತಿದ್ದರೆ ಇಎಫ್ 60 ಇದ್ದರೂ ಏದುಸಿರು ಬರಬಹುದು, ಅದಕ್ಕೇ ಅಲ್ವಾ ರಿಪೋರ್ಟಿನಲ್ಲಿ ಅವುಗಳ ವಿವರ ಬೇರೆ ಬರೆದಿರುವುದು? ಇನ್ನು ರಕ್ತನಾಳದ ಬ್ಲಾಕ್ ಮಾಮೂಲಿ ಎಕೋದಲ್ಲಿ ನೇರವಾಗಿ ಕಾಣುವುದಿಲ್ಲ, ಅದನ್ನು ನೋಡುವುದು ಆಂಜಿಯೋಗ್ರಾಮ್‌ನಲ್ಲಿ.