ಹಂಪಿಯ ಕಡೆಯಿಂದ ಒಂದು ಮಾತು

ಪ್ರವಾಸಿಗರ ಜೊತೆ ಕೆಲಸ ಮಾಡುವವರಿಗೆ ಪರಿಸರ, ಡಿಜಿಟಲ್, ಸಾಮಾಜಿಕ ಕೌಶಲ ಮೂರನ್ನೂ ಕಲಿಸಬೇಕು ಅಂತ ನಿಮ್ಮ ಬರಹದಲ್ಲಿ ಹೇಳಿದ್ದೀರಿ. ಸರಿ. ಆದರೆ ನಿಮ್ಮ ಉದಾಹರಣೆಗಳೆಲ್ಲ ದೊಡ್ಡ ಹೋಟೆಲ್‌ಗಳವೇ ಆಯಿತು, ಅಲ್ವಾ?

ನಮ್ಮ ಹಂಪಿ ನೋಡಿ. 1986ರಿಂದ ಯುನೆಸ್ಕೋದ ವಿಶ್ವ ಪರಂಪರೆ ತಾಣಗಳ ಪಟ್ಟಿಯಲ್ಲಿದೆ. ವಿಜಯ ವಿಠ್ಠಲ ದೇವಸ್ಥಾನದ ಹತ್ತಿರಕ್ಕೆ ಹೊಗೆ ಉಗುಳುವ ಗಾಡಿ ಬಿಡುವುದಿಲ್ಲ, ಬ್ಯಾಟರಿ ಗಾಡಿಯಲ್ಲಿ ಇಲ್ಲವೇ ನಡೆದು ಹೋಗಬೇಕು. ಸುತ್ತಲಿನ ಊರಿನ ಹೆಂಗಸರು ಅದನ್ನು ಓಡಿಸುವುದನ್ನು ನೋಡಿದ್ದೇನೆ. ನೀವು ಹೇಳುವ ಪರಿಸರ ಕೌಶಲ ಇದೇ ತಾನೇ? ಅದಕ್ಕೆ ಯಾರೂ ಅಷ್ಟು ದೊಡ್ಡ ಹೆಸರು ಇಟ್ಟಿಲ್ಲ ಅಷ್ಟೆ.

ಸಾಮಾಜಿಕ ಕೌಶಲವಂತೂ ಇನ್ನೂ ಕಷ್ಟ. ಆ ದೇವಸ್ಥಾನದಲ್ಲಿ ತಟ್ಟಿದರೆ ನಾದ ಹೊಮ್ಮುವ ಸಂಗೀತ ಕಂಬಗಳಿವೆ, ಅವನ್ನು ತಟ್ಟಬಾರದು. ಆದರೂ ಬಂದವರಿಗೆ ಕೈ ತುರಿಸುತ್ತದೆ. ರಜೆಗೆ ಖುಷಿಯಾಗಿ ಬಂದ ಕುಟುಂಬಕ್ಕೆ, ಮಕ್ಕಳ ಮುಂದೆ ಅವಮಾನ ಆಗದ ಹಾಗೆ 'ಬೇಡ ಸರ್' ಅನ್ನುವುದು ಸುಲಭವಲ್ಲ. ಹಳೆಯ ಗೈಡ್‌ಗಳಿಗೆ ಅದು ಬರುತ್ತದೆ. ಅವರನ್ನೇ ಮೇಷ್ಟ್ರು ಮಾಡಿ.

ಡಿಜಿಟಲ್ ಅಂದರೆ ಸುಮ್ನೆ ಕ್ಯೂಆರ್ ಕೋಡ್ ಅಂಟಿಸುವುದಲ್ಲ. ಹರಿಗೋಲು ನಡೆಸುವವರ ಹತ್ತಿರವೂ ಫೋನಿದೆ. ಮ್ಯಾಪ್‌ನಲ್ಲಿ ತಪ್ಪು ಸಮಯ ಇದ್ದರೆ ತಿದ್ದುವುದು, ಕೆಟ್ಟ ರಿವ್ಯೂಗೆ ಸಿಟ್ಟಾಗದೆ ಉತ್ತರ ಬರೆಯುವುದು, ಇಂಥವನ್ನು ಕಲಿಸಿ.

ಇನ್ನೊಂದು. ತರಬೇತಿಯನ್ನು ಡಿಸೆಂಬರ್‌ನಲ್ಲಿ ಇಡಬೇಡಿ. ಆಗ ಜನ ಜಾಸ್ತಿ, ಒಂದು ದಿನ ಬಿಟ್ಟರೆ ಆ ದಿನದ ದುಡಿಮೆ ಹೋಯಿತು. ಏಪ್ರಿಲ್–ಮೇ ಬಿಸಿಲಲ್ಲಿ ಗಿರಾಕಿ ಕಡಿಮೆ ಇರುತ್ತಾರೆ. ಆಗ ಇಡಿ, ಬೆಳಗ್ಗೆ ಬೇಗ, ಕನ್ನಡದಲ್ಲಿ.