‘ಸುಮ್ನೆ ಕೂತ್ಕೋ’ ಅಂದರೆ ಸಾಕಾ?

ಮಗನಿಗೆ ಏಳು ತುಂಬಿದ ವರ್ಷ ರಜೆಗೆ ಶಿವಮೊಗ್ಗಕ್ಕೆ ಹೋಗಿದ್ದೆವು. ಮದುವೆಮನೆಯ ಪಂಕ್ತಿಯಲ್ಲಿ ಕೂತಾಗ ಅವನಿಗೆ ಹನ್ನೊಂದು ಜನ ‘ಸುಮ್ನೆ ಕೂತ್ಕೋ ಮರಿ’ ಅಂದರು. ನಾನು ಎಣಿಸಿದೆ. ಎಲ್ಲರೂ ಪ್ರೀತಿಯಿಂದಲೇ ಹೇಳಿದರು. ಆದರೆ ಸುಮ್ಮನೆ ಕೂರುವುದು ಹೇಗೆ ಅಂತ ಒಬ್ಬರೂ ಹೇಳಿಕೊಡಲಿಲ್ಲ. ಅಲ್ಲಿಯವರೆಗೆ ನಾನೂ ಹೇಳಿಕೊಟ್ಟಿರಲಿಲ್ಲ.

ನಾವಿರುವುದು ದಕ್ಷಿಣ ಜರ್ಮನಿಯ ಟ್ಯೂಬಿಂಗನ್‌ನಲ್ಲಿ. ಇಂಥ ಮಗುವನ್ನು ಇಲ್ಲಿನವರು ‘ತ್ಸಾಪಲ್‌ಫಿಲಿಪ್’ ಅನ್ನುತ್ತಾರೆ, ಚಡಪಡಿಸುವ ಫಿಲಿಪ್ ಅಂತ. 1840ರ ದಶಕದ ಮಕ್ಕಳ ಪದ್ಯವೊಂದರಿಂದ ಬಂದ ಹೆಸರು. ಇಲ್ಲೂ ಶಾಲೆಯಿಂದ ದೂರು ಬರುತ್ತದೆ, ಕೆಳಮನೆಯವರು ಗದ್ದಲ ಅಂತ ಮೇಲೆ ಬರುತ್ತಾರೆ. ಜನ ಬೇರೆ ಥರ ಅಂತ ನಾನು ಹೇಳುತ್ತಿಲ್ಲ. ಆದರೆ ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆ ಜಾಸ್ತಿಯಾಗುವ ತೊಂದರೆ, ಅಂತ ಗೊತ್ತಾದ ಮೇಲೆ ವೈದ್ಯರು ಚೀಟಿ ಬರೆದುಕೊಟ್ಟರು. ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಆಕ್ಯುಪೇಶನಲ್ ಥೆರಪಿ, ಅದರೊಳಗೆ ನ್ಯೂರೋಫೀಡ್‌ಬ್ಯಾಕ್, ಅಂದರೆ ತನ್ನ ಮಿದುಳಿನ ಅಲೆಯನ್ನು ಪರದೆಯಲ್ಲಿ ನೋಡುತ್ತ ಹತೋಟಿಗೆ ತರುವ ತರಬೇತಿ. ಖರ್ಚು ಸಾರ್ವಜನಿಕ ಆರೋಗ್ಯ ವಿಮೆಯದ್ದು. 18 ವರ್ಷದೊಳಗಿನ ಮಕ್ಕಳಿಗೆ ನಾವು ಕೈಯಿಂದ ಏನೂ ಕಟ್ಟಬೇಕಿಲ್ಲ.

ಮೊದಲ ದಿನ ನನಗೆ ಭಯ ಇತ್ತು. ತಲೆಗೆ ವೈರು ಅಂದರೆ ಯಾರಿಗೆ ಭಯ ಆಗಲ್ಲ? ಆದರೆ ಅದು ಕರೆಂಟ್ ಕೊಡುವ ಸಾಧನ ಅಲ್ಲ. ಇಇಜಿ ಪರೀಕ್ಷೆಯ ಹಾಗೆ ಮಿದುಳಿನ ವಿದ್ಯುತ್ ಅಲೆ ಅಳೆಯುತ್ತದೆ, ಅಷ್ಟೇ. ನೆತ್ತಿಯ ಮೇಲೆ, ಕಿವಿಯ ಹಿಂದೆ, ಕಣ್ಣಿನ ಸುತ್ತ ಪುಟ್ಟ ಎಲೆಕ್ಟ್ರೋಡ್. ಪರದೆಯ ಮೇಲೆ ಒಂದು ಚೆಂಡು. ಮೇಲ್ಮುಖ ಬಾಣ ಬಂದರೆ ಮಿದುಳನ್ನು ಚುರುಕು ಮಾಡಬೇಕು, ಕೆಳಮುಖ ಬಂದರೆ ಸಡಿಲ ಬಿಡಬೇಕು. ಸರಿಯಾದರೆ ಚೆಂಡು ಆ ಕಡೆ ಹೋಗುತ್ತದೆ. ಕೆಲವು ಸೆಕೆಂಡು, ಆಮೇಲೆ ಮತ್ತೊಂದು ಸಲ. ಹೇಗೆ ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಮಗುವೇ ಹುಡುಕಿಕೊಳ್ಳಬೇಕು. ನನ್ನ ಮಗ ಮೇಲೆ ಒಯ್ಯಲು ಓಟದ ಪಂದ್ಯದ ಸೀಟಿಗೆ ಕಾಯುವುದನ್ನು ನೆನೆಸಿಕೊಂಡ. ಇಳಿಸಲು ತುಂಗೆಯಲ್ಲಿ ಕಾಲು ಇಳಿಬಿಟ್ಟು ಕೂತದ್ದನ್ನು. ಕೆಲವು ಸರದಿಯಲ್ಲಿ ಚೆಂಡೇ ಕಾಣಿಸುವುದಿಲ್ಲ. ಪರದೆ ಇಲ್ಲದ ಶಾಲೆಯಲ್ಲೂ ಬರಲಿ ಅಂತ.

ಇಂಥ ಮಗುವಿಗೆ ಬರೀ ಶಾಂತಿ ಸಾಲದು ಅಂತ ನನಗೆ ಅರ್ಥವಾದದ್ದು ಆಗಲೇ. ಏರುವುದೂ ಇಳಿಯುವುದೂ ಎರಡೂ ಅದರ ಕೈಗೆ ಸಿಗಬೇಕು.

ಈ ಊರಿನ ವಿಶ್ವವಿದ್ಯಾಲಯದಲ್ಲಿ ನೀಲ್ಸ್ ಬಿರ್ಬೌಮರ್ ಅನ್ನುವ ಮಿದುಳು ಸಂಶೋಧಕರು ಮತ್ತು ಜೊತೆಯವರು ಈ ತರಬೇತಿಯಲ್ಲಿ ಬಳಸುವ ಮಿದುಳಿನ ನಿಧಾನದ ಅಲೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹಾಗಂತ ಇದು ಗ್ಯಾರಂಟಿ ಚಿಕಿತ್ಸೆ ಅಂದರೆ ತಪ್ಪಾಗುತ್ತದೆ. ಅಮೆರಿಕದಲ್ಲಿ 140ಕ್ಕೂ ಹೆಚ್ಚು ಮಕ್ಕಳ ಮೇಲೆ ಇನ್ನೊಂದು ಬಗೆಯ ನ್ಯೂರೋಫೀಡ್‌ಬ್ಯಾಕ್‌ನ ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ನಿಜವಾದ ತರಬೇತಿ, ಇನ್ನೊಂದಕ್ಕೆ ಹಾಗೆ ಕಾಣುವ ಸುಳ್ಳು ತರಬೇತಿ. ಯಾವ ಮಗುವಿಗೆ ಯಾವುದು ಅಂತ ತಂದೆತಾಯಿಗೂ ಗೊತ್ತಿಲ್ಲ. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು, ಹೆಚ್ಚುಕಮ್ಮಿ ಒಂದೇ ಅಷ್ಟು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮಗನಿಗೂ ಅಷ್ಟೇನಾ? ಆಮೇಲೆ ಅನಿಸಿತು: ಎರಡೂ ಗುಂಪಿನ ಮಕ್ಕಳಿಗೆ ಸಿಕ್ಕಿದ್ದೇನು? ತಿಂಗಳುಗಟ್ಟಲೆ ಒಬ್ಬರು ದೊಡ್ಡವರು ಪಕ್ಕದಲ್ಲಿ ಕೂತರು. ಬೈಯದೆ, ಅವಸರ ಮಾಡದೆ, ಮತ್ತೆ ಮತ್ತೆ ಪ್ರಯತ್ನ ಮಾಡಿಸಿದರು. ಇಲ್ಲಿನ ವೈದ್ಯರ ಮಾರ್ಗಸೂಚಿಯೂ ನ್ಯೂರೋಫೀಡ್‌ಬ್ಯಾಕನ್ನು ಉಳಿದ ಚಿಕಿತ್ಸೆಯ ಜೊತೆಗೆ ಮಾತ್ರ ಕೊಡಬಹುದು ಅನ್ನುತ್ತದೆ.

ಬೆಂಗಳೂರಲ್ಲಿರುವ ನಮ್ಮ ಸಂಬಂಧಿಕರ ಮಗುವಿಗೆ ಒಂದು ಕಡೆ ನ್ಯೂರೋಫೀಡ್‌ಬ್ಯಾಕ್‌ನ 40 ಸೆಷನ್ನಿನ ಪ್ಯಾಕೇಜು, ಪೂರ್ತಿ ಹಣ ಮುಂಗಡ ಅಂದರಂತೆ. ಮಾತ್ರೆ ನಿಲ್ಲಿಸಿಬಿಡಿ ಅಂತಲೂ ಹೇಳಿದರಂತೆ. ಕೇಳಿ ಹೊಟ್ಟೆ ಉರಿಯಿತು. ಎಡಿಎಚ್‌ಡಿಗೆ ಮೀಥೈಲ್‌ಫೆನಿಡೇಟ್‌ನಂಥ ಮಾತ್ರೆಗಿರುವಷ್ಟು ಆಧಾರ ಈ ಯಂತ್ರಕ್ಕೆ ಇಲ್ಲ. ಮಾತ್ರೆ ಶುರುಮಾಡುವುದು, ನಿಲ್ಲಿಸುವುದು ಮಗುವನ್ನು ನೋಡುತ್ತಿರುವ ವೈದ್ಯರ ಕೆಲಸ.

ನನ್ನ ಮಟ್ಟಿಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಪುಕ್ಕಟೆ ಸಿಕ್ಕಿದ್ದು. ಎಡ್ಮಂಡ್ ಜೇಕಬ್ಸನ್ ಅನ್ನುವ ಅಮೆರಿಕದ ವೈದ್ಯರು 1920ರ ದಶಕದಲ್ಲೇ ಬೆಳೆಸಿದ ಸ್ನಾಯು ಸಡಿಲಿಸುವ ಅಭ್ಯಾಸ. ಮೊದಲು ಬಿಗಿ ಮಾಡು, ಆಮೇಲೆ ಬಿಡು. ಬಿಗಿ ಗೊತ್ತಿಲ್ಲದವರಿಗೆ ಸಡಿಲ ಗೊತ್ತಾಗಲ್ಲ ಅನ್ನುವ ಸರಳ ಲೆಕ್ಕ. ಥೆರಪಿಸ್ಟ್ ಇದನ್ನು ಆಟದ ಹಾಗೆ ಕಲಿಸಿದರು: ಕೈಯಲ್ಲಿ ನಿಂಬೆಹಣ್ಣು ಇದೆ ಅಂದುಕೊಂಡು ಹಿಂಡು, ಕೊನೆಯ ಹನಿಯವರೆಗೂ, ಈಗ ಬೀಳಿಸು. ಆಮೆಯ ಹಾಗೆ ಭುಜ ಎತ್ತಿ ತಲೆ ಒಳಗೆ ಎಳೆದುಕೋ, ಈಗ ಹೊರಗೆ ಬಾ. ಹತ್ತು ನಿಮಿಷ ಸಾಕು. ಆದರೆ ದಿನಾ ಮಾಡಬೇಕು, ಮಗು ಸಮಾಧಾನವಾಗಿರುವಾಗ ಮಾಡಬೇಕು. ರಂಪ ಶುರುವಾದ ಮೇಲೆ ‘ಉಸಿರು ಎಳ್ಕೋ’ ಅಂದರೆ ಅದೂ ಇನ್ನೊಂದು ‘ಸುಮ್ನೆ ಕೂತ್ಕೋ’ ಆಗುತ್ತದೆ. ಇದನ್ನು ಕಲಿಯಲು ನನಗೇ ಆರು ತಿಂಗಳು ಬೇಕಾಯಿತು.

ನಮ್ಮೂರಲ್ಲಿ ಇದಕ್ಕೆ ಏನು ಕೊರತೆ? ಶವಾಸನ ಗೊತ್ತಿಲ್ಲದ ಶಾಲೆ ಇಲ್ಲ. ನಿಮ್ಹಾನ್ಸ್‌ನಲ್ಲಿ ಎಡಿಎಚ್‌ಡಿ ಇರುವ ಮಕ್ಕಳಿಗೆ ಚಿಕಿತ್ಸೆಯ ಜೊತೆ ಯೋಗ ಮಾಡಿಸಿ ನೋಡಿದ್ದಾರೆ. ಮನೆತುಂಬ ಅಜ್ಜಿ, ಅತ್ತೆ, ಚಿಕ್ಕಪ್ಪ ಇರುತ್ತಾರೆ. ಇಲ್ಲಿ ನಾವು ಮೂರೇ ಜನ. ನಮ್ಮೂರಲ್ಲಿ ಇಲ್ಲದ್ದು ಒಂದೇ: ಇದು ಮಗುವಿಗೆ ಬಾರದ ವಿದ್ಯೆ, ಮಗ್ಗಿಯ ಹಾಗೆ ಕಲಿಸಬೇಕು ಅನ್ನುವ ನಂಬಿಕೆ. ಮಗ್ಗಿ ಬಾರದ ಮಗುವಿಗೆ ಹೇಳಿಕೊಡುತ್ತೇವೆ. ಕೂರಲು ಬಾರದ ಮಗುವಿಗೆ ಮಾತ್ರ ‘ಹಟಮಾರಿ’ ಅನ್ನುತ್ತೇವೆ, ಅಲ್ವಾ?

ಕಳೆದ ಸಲ ಊರಿಗೆ ಹೋದಾಗ ಊಟಕ್ಕೆ ಕೂರುವ ಮುಂಚೆ ಅಮ್ಮ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಇಬ್ಬರೂ ಬಾವಿಕಟ್ಟೆಯ ಮೇಲೆ ಕೂತು ನಿಂಬೆಹಣ್ಣು ಹಿಂಡಿದರು. ಪಾಯಸ ಬರುವ ತನಕ ಅವನು ಎಲೆ ಬಿಟ್ಟು ಏಳಲಿಲ್ಲ. ಪಾಯಸ ಆದಮೇಲೆ ಎದ್ದು ಓಡಿದ. ಅವನನ್ನು ಯಾರೂ ತಡೆಯಲಿಲ್ಲ.